ಹೊಸ್ತಿಲ ವಾಟ

"ನಾಯಿ ಕೂಡ ಮೂಸಿ ನೋಡಿ ಆಮೇಲೆ ಕೆರೆಯುತ್ತೆ ಕಣೋ. ನಿನಗೆ ಅಷ್ಟೂ ಬೇಡವಾ?"

ಪಾಸ್ಟರ್ ಅಬೆಲಾರ್ದೊ ಇದನ್ನು ಹೇಳಿದ್ದು ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಪ್ರಾರ್ಥನೆಗೆ ಎತ್ತುವ ಅದೇ ದೊಡ್ಡ ದನಿಯಲ್ಲಿ. ಬಸ್ಸಿನ ತುಂಬ ಜನ. ಮುಂದಿನ ಸೀಟುಗಳಲ್ಲಿ ಗಡಿಯ ಸೇತುವೆಯಾಚೆ ಟೆಕ್ಸಾಸಿನಿಂದ ಬಂದ ಅತಿಥಿಗಳು, ಹಿಂದೆ ಗುಡ್ಡದ ಚರ್ಚಿನ ಸಭೆಯವರು. ಎಲ್ಲರೂ ಒಟ್ಟಿಗೆ ತಿರುಗಿದರು. ನಾಬೋರನ ಒಂದು ಕಾಲು ಮೆಟ್ಟಿಲ ಮೇಲಿತ್ತು, ಇನ್ನೊಂದು ನೆಲದ ಮೇಲೆ.

"ಗ್ಲೆನ್ ಸಾಹೇಬರು ಕ್ರಿಸಾಂತಜ್ಜಿಯ ಹೊಸ ಮನೆ ಹೊಸ್ತಿಲಲ್ಲಿ, ಆ ಹಸಿ ಸಿಮೆಂಟಿನ ಮೇಲೆ ತೀರಿಹೋದ ಹೆಂಡತಿಯ ಹೆಸರು ಬರೆದಿದ್ದರು. ಬೆಳಿಗ್ಗೆ ಇನ್ನೊಂದು ಸಲ ನೋಡ್ಬೇಕು ಅಂದ್ರು, ಕರಕೊಂಡು ಹೋದೆ. ಹೋಗಿ ನೋಡಿದ್ರೆ ಏನಿದೆ? ಹೆಸರೂ ಇಲ್ಲ, ಒಂದು ಕೈಗುರುತೂ ಇಲ್ಲ! ಈ ಗುಡ್ಡದಲ್ಲಿ ಕರಣೆ ಹಿಡಿಯೋನು ನೀನೊಬ್ಬನೇ. ನಿನ್ನ ಮಂಡಿ ನೋಡ್ಕೋ."

ನಾಬೋರ್ ನೋಡಿಕೊಂಡ. ಪ್ಯಾಂಟಿನ ಎರಡೂ ಮಂಡಿಗಳಲ್ಲಿ ಸಿಮೆಂಟು ಇನ್ನೂ ಪೂರ್ತಿ ಒಣಗಿರಲಿಲ್ಲ. ಅಂಗಿ ಮಾತ್ರ ಹೊಸದು, ಇವತ್ತಿಗೆಂದೇ ಎತ್ತಿಟ್ಟಿದ್ದು.

"ಆರನೇ ಕ್ಲಾಸಿಗೇ ಬಿಟ್ಟೋನು ಪಾಸ್ಟರೇ, ಹೆಸರು ಅಂತ ಗೊತ್ತಾಗಬೇಕಲ್ಲ!" ಎಂದು ಹಿಂದಿನಿಂದ ಯಾರೋ ಅಂದರು. ನಗು ಎದ್ದಿತು.

ಅವನಿಗೆ ಗೊತ್ತಾಗಿತ್ತು. ಡಾರ್ಲೀನ್. ಅಕ್ಷರ ಕೂಡಿಸಿ ಓದಿಯೇ ಕಿತ್ತಿದ್ದ. ಅತಿಥಿಗಳ ಜೊತೆ ಬಂದ ಹುಡುಗಿಯರಲ್ಲಿ ಯಾವಳದೋ ಹೆಸರಿರಬೇಕು ಎಂದುಕೊಂಡಿದ್ದ. ಸತ್ತವಳ ಹೆಸರು ಎಂದು ಅದರ ಮೇಲೆ ಬರೆದಿರಲಿಲ್ಲವಲ್ಲ.

ಪ್ರತಿ ವಸಂತಕ್ಕೂ ಅತಿಥಿಗಳು ಬರುತ್ತಾರೆ, ಐದು ದಿನದಲ್ಲಿ ಒಂದು ಮನೆ ಕಟ್ಟುತ್ತಾರೆ, ಕೊನೆಗೆ ಹೊಸ್ತಿಲಿಗೆ ಸಿಮೆಂಟು ಸುರಿದು ಅದರಲ್ಲಿ ಅಂಗೈ ಒತ್ತುತ್ತಾರೆ. ಗುಡ್ಡದ ಹನ್ನೊಂದು ಮನೆಗಳ ಬಾಗಿಲಲ್ಲಿ, ಮತ್ತೆಂದೂ ಆ ಬಾಗಿಲು ತುಳಿಯದವರ ಅಂಗೈಗಳಿವೆ. ಶನಿವಾರ ಎಲ್ಲರೂ ಸೇರಿ ಬಸ್ಸಿನಲ್ಲಿ ಮರಳುದಿಬ್ಬಗಳಿಗೆ ಹೋಗಿ, ಹಾಡಿ, ಉಂಡು, ಅಲ್ಲೇ ಮನೆಯ ಬೀಗದಕೈ ಕೊಡುವುದು. ಭಾನುವಾರ ಅತಿಥಿಗಳು ಸೇತುವೆ ದಾಟುತ್ತಾರೆ. ಅವರು ದಾಟಿದ ಮೇಲೆ ಗುಡ್ಡದವರು ಸದ್ದಿಲ್ಲದೆ ಉಳಿ, ಸುತ್ತಿಗೆ ತೆಗೆಯುತ್ತಾರೆ. ಕೂರದ ಬಾಗಿಲನ್ನು ಕೆತ್ತಿ ಕೂರಿಸುತ್ತಾರೆ, ವಾಲಿದ ಗೋಡೆಗೆ ಒತ್ತು ಕೊಡುತ್ತಾರೆ. ಇದು ಪಾಸ್ಟರಿಗೂ ಗೊತ್ತು. ಅವರ ಮನೆಯ ಕಿಟಕಿಯನ್ನೇ ನಾಬೋರ್ ಎರಡು ಸಲ ಕಿತ್ತು ಕೂರಿಸಿದ್ದ. ಆದರೆ ಭಾನುವಾರದ ಮೊದಲು ಯಾರೂ ಕೈ ಹಚ್ಚುವುದಿಲ್ಲ. ಅಂಗೈಗಳನ್ನಂತೂ ಎಂದೂ ಮುಟ್ಟುವುದಿಲ್ಲ.

ಅವನು ಒಂದು ದಿನ ಮೊದಲೇ ಮುಟ್ಟಿದ್ದ. ಯಾಕೆಂದರೆ ಬೆಳಕು ಹರಿಯುವ ಹೊತ್ತಿಗೆ ಕ್ರಿಸಾಂತಜ್ಜಿ, ಊದಿದ ಕಾಲೆಳೆದುಕೊಂಡು, ಅವನ ಹಲಗೆ ಗುಡಿಸಲಿನ ಬಾಗಿಲು ತಟ್ಟಿದ್ದಳು.

"ಮಗಾ, ನಿನ್ನೆ ಸಂಜೆ ಹೊಸ ಮನೆಗೆ ಬೀಗ ಹಾಕಿರಲಿಲ್ಲ, ಗುಡಿಸೋಣ ಅಂತ ಹೋಗಿ ಹೊಸ್ತಿಲಿಗೆ ಒಂದು ಚೊಂಬು ನೀರು ಹಾಕ್ದೆ. ನೀರೆಲ್ಲ ಒಳಗೇ ಬಂತು ಕಣಪ್ಪಾ, ಮಂಚದ ಕೆಳಗಿನತನಕ."

"ವಾಟ ಒಳಮುಖ ಕೊಟ್ಟಿದಾರೆ ಅಜ್ಜಿ, ಇಳಿಜಾರು ಮನೆಯೊಳಗಿನ ಕಡೆಗೇ ಇದೆ. ಸುರಿವಾಗಲೇ ನೋಡ್ದೆ. ಆ ಗ್ಲೆನ್ನು ಕಣ್ಣಳತೇಲೇ ಎಳೆದುಬಿಟ್ಟ. ಪಾಸ್ಟರಿಗೆ ಹೇಳು."

"ಬೀಗದಕೈ ಇನ್ನೂ ಕೊಟ್ಟಿಲ್ಲವಲ್ಲೋ! ನೆಮೆಸಿಯಾ ಏನಂದಿದ್ಲು? ತನಗೆ ಅಂತ ಕಟ್ಟಿದ ಮನೆಯ ಕಿಟಕಿ ಗಾಳಿಗೆ ಎದುರಾಯ್ತು ಅಂದ್ಲು, ಅಷ್ಟೇ. ಆ ಮನೆ ಯಾರ ಪಾಲಾಯ್ತು ಹೇಳು?" ಅಜ್ಜಿ ಅವನ ಎರಡೂ ಕೈ ಹಿಡಿದುಕೊಂಡಿದ್ದಳು. "ನಾಳೆಗೆ ಅದು ಕಲ್ಲಾಗುತ್ತೆ. ಒಡೆಯೋ ಸದ್ದು ಗುಡ್ಡಕ್ಕೆಲ್ಲ ಕೇಳುತ್ತೆ. ಆಗಸ್ಟಿನ ಮಳೆ ಬಂದ್ರೆ ಈ ಕಾಲಿಟ್ಕೊಂಡು ನೀರು ಎತ್ತಿ ಹಾಕೋಕಾಗುತ್ತಾ? ಈಗಲೇ ಮಾಡಿಬಿಡು. ನಾ ಕೇಳ್ದೆ ಅಂತ ಮಾತ್ರ ಹೇಳಬೇಡ."

ಸಲಿಕೆಯಲ್ಲಿ ಅಂಗೈಗಳು ಹೆಂಟೆಹೆಂಟೆಯಾಗಿ ಎದ್ದುಬಂದಿದ್ದವು. ಹೊಸದಾಗಿ ಕಲಸಿ, ಮಟ್ಟ ನೋಡಲು ರಸಮಟ್ಟ ಇಟ್ಟು, ವಾಟವನ್ನು ಬೀದಿಯ ಕಡೆ ತಿರುಗಿಸಿದ್ದ. "ನಿನ್ನ ಕೈ ಒಂದು ಒತ್ತಪ್ಪಾ, ನೆನಪಿಗಿರಲಿ" ಎಂದಿದ್ದಳು ಅಜ್ಜಿ. "ಗುಂಡಿ ಬಿದ್ರೆ ನೀರು ನಿಲ್ಲುತ್ತೆ" ಎಂದು ಕರಣೆಯಿಂದ ನುಣ್ಣಗೆ ಎಳೆದು, ಮೇಲೆ ಗೋಣಿ ನೆನೆಸಿ ಹೊದಿಸಿದ್ದ.

ಈಗ ಅಜ್ಜಿ ಬಸ್ಸಿನ ಮೊದಲ ಸೀಟಿನಲ್ಲಿ, ಅತಿಥಿಗಳು ಕೊಟ್ಟ ನೀಲಿ ಕಂಬಳಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಾಸ್ಟರ್ ಅವಳಿಂದ ಒಂದು ಮಾರು ದೂರದಲ್ಲಿದ್ದರು. ನಾಬೋರ್ ಅವಳನ್ನು ನೋಡಿದ. ಅವಳು ಕಂಬಳಿಯ ಅಂಚನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

"ಬುರಿತೊ ರೊಟ್ಟಿ ತಣ್ಣಗಾಗ್ತವೆ ಪಾಸ್ಟರೇ," ಎಂದಳು ಅಡುಗೆಯ ರುಫೀನಾ, ಬುಟ್ಟಿಯ ಮೇಲೆ ಕೈಯಿಟ್ಟು. "ಅವನ ಪಾಲಿನವೂ ಇದರಲ್ಲೇ ಇವೆ. ಹತ್ತಿಸ್ಕೊಳ್ಳಿ, ಉಳಿದ ಬೈಗುಳ ಅಲ್ಲಿ ಹೋಗಿ ಬೈಯುವಿರಂತೆ."

"ಕ್ಷಮೆ ಕೇಳಲಿ, ಹತ್ತಲಿ. ಯಾಕೆ ಮಾಡ್ದೆ ಅಂತ ಎಲ್ಲರ ಮುಂದೆ ಹೇಳಲಿ. ಇಲ್ಲ ಅಂದ್ರೆ ಇವತ್ತಿಗೂ ಬರೋದು ಬೇಡ, ನಾಳೆ ಸಭೆಗೂ ಬರೋದು ಬೇಡ."

ನಾಬೋರನ ಅಮ್ಮ ಸತ್ತು ನಾಲ್ಕು ವರ್ಷ. ಅಣ್ಣಂದಿರು ಗಡಿಬೇಲಿ ದಾಟಿ ಹೋದವರು ಫೋನು ಮಾಡುವುದನ್ನೂ ನಿಲ್ಲಿಸಿದ್ದರು. ದೇವರ ವಿಷಯ ಅವನಿಗೆ ಅಷ್ಟಕ್ಕಷ್ಟೇ. ಆದರೆ ಭಾನುವಾರ ಆ ತಗಡಿನ ಸೂರಿನಡಿ ನಾಲ್ಕು ಜನ ತಮ್ಮಾ ಎನ್ನುತ್ತಿದ್ದರು. ಮರಳುದಿಬ್ಬದಲ್ಲಿ ರುಫೀನಾ ಅವನ ತಟ್ಟೆ ನೋಡಿ, ಸಾಲದು ಎಂದು ಇನ್ನೊಂದು ಹಾಕುತ್ತಿದ್ದಳು. ವರ್ಷದಲ್ಲಿ ಅವನ ತಟ್ಟೆಯನ್ನು ಇನ್ನೊಬ್ಬರು ನೋಡುವುದು ಅದೊಂದೇ ದಿನ.

ಗ್ಲೆನ್ ಎದ್ದು ಬಂದ. ಎತ್ತರದ ಮುದುಕ, ಸೂರು ತಾಗದಂತೆ ತಲೆ ಬಗ್ಗಿಸಿದ್ದ. ಅವನ ಉಗುರಿನ ಸಂದಿಯಲ್ಲೂ ಸಿಮೆಂಟಿತ್ತು. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಹರಕುಮುರುಕು ಸ್ಪ್ಯಾನಿಷಿನಲ್ಲಿ ಕೇಳಿದ:

"ಯಾಕೆ? ನನಗೆ ಬೇರೇನೂ ಬೇಡ. ಯಾಕೆ ಅಂತ, ಅಷ್ಟೇ."

ಹೇಳಲು ಎರಡು ಮಾತು ಸಾಕಿತ್ತು. ವಾಟ ತಪ್ಪಿತ್ತು. ಅದು ನಾಬೋರನ ಹಲ್ಲಿನ ಹಿಂದೆಯೇ ಬಂದು ನಿಂತಿತ್ತು. ಬಸ್ಸಿನ ಗಾಜು ಒಡೆಯಬೇಕು, ಪಾಸ್ಟರ ಕಿಟಕಿಯ ಕಥೆ ಕೂಗಿ ಹೇಳಬೇಕು ಅನ್ನಿಸಿತು. ಹಿಂದಿನ ಸೀಟುಗಳಲ್ಲಿ ಕೂತ ಹನ್ನೊಂದು ಮನೆಯವರಿಗೂ ಸಂಗತಿ ಏನಿರಬಹುದೆಂದು ಗೊತ್ತಿತ್ತು. ಒಬ್ಬೊಬ್ಬರೂ ಕಿಟಕಿಯಾಚೆ ನೋಡತೊಡಗಿದರು. ಅಜ್ಜಿಯ ಕೈ ಕಂಬಳಿಯ ಅಂಚಿನಲ್ಲಿ ನಿಂತುಬಿಟ್ಟಿತ್ತು.

ಅವನು ಮೆಟ್ಟಿಲ ಮೇಲಿನ ಕಾಲನ್ನು ಕೆಳಗಿಟ್ಟ.

"ನೋಡಿದ್ರಾ? ಬಾಯಿ ಬರುತ್ತಾ ನೋಡಿ!" ಪಾಸ್ಟರ ದನಿ ಬೆನ್ನಿಗೆ ಬಂತು. ನಾಬೋರ್ ತಿರುಗಲಿಲ್ಲ. ಇಂಜಿನ್ನು ಗುರುಗುಟ್ಟಿತು, ಬಾಗಿಲು ಮುಚ್ಚಿತು. ಗುಡ್ಡಕ್ಕೆ ಇರುವುದೊಂದೇ ರಸ್ತೆ. ತುದಿಗೆ ಹೋಗಿ ತಿರುಗಿಸಿಕೊಂಡ ಬಸ್ಸು ಮತ್ತೆ ಎದುರಿಗೇ ಬಂತು. ಅವನು ಬದಿಗೆ ಸರಿದು ದಾರಿ ಬಿಟ್ಟ. ಒಳಗೆ ಚಪ್ಪಾಳೆ ತಟ್ಟಿ ಹಾಡು ಶುರುವಾಗಿತ್ತು. ಮೊದಲ ಕಿಟಕಿಯಲ್ಲಿ ನೀಲಿ ಬಣ್ಣ ಸರಿದುಹೋಯಿತು. ಧೂಳು ಹೊಸ ಅಂಗಿಯ ಮೇಲೆ ನಿಧಾನಕ್ಕೆ ಕೂತಿತು.

ಬಿಸಿಲು ಏರುತ್ತಿತ್ತು. ಅಜ್ಜಿಯ ಹೊಸ್ತಿಲ ಮೇಲಿನ ಗೋಣಿ ಇಷ್ಟು ಹೊತ್ತಿಗೆ ಒಣಗಿರುತ್ತದೆ, ಒಣಗಿದರೆ ಸಿಮೆಂಟು ಬಿರಿಯುತ್ತದೆ. ಅವನು ತನ್ನ ಗುಡಿಸಲಿನ ಪೀಪಾಯಿಯಿಂದ ಒಂದು ಬಕೆಟ್ ನೀರು ಮೊಗೆದುಕೊಂಡ. ಬಾಗಿಲುಬಾಗಿಲಿಗೂ ಬಿದ್ದಿದ್ದ ಅಂಗೈಗಳನ್ನು ದಾಟುತ್ತ, ನೀರು ತುಳುಕದ ಹಾಗೆ ಒಂದೊಂದೇ ಹೆಜ್ಜೆಯಿಡುತ್ತ, ಖಾಲಿ ಗುಡ್ಡವನ್ನು ಹತ್ತತೊಡಗಿದ.