ಕಾಲು ಹೋದ ಕಾರಣ

"ಏ ಕುಂಟಿ, ಬಾಗಲಕ್ಕ ಅಡ್ಡ ಕುಂತ್ರ ಮಂದಿ ಹ್ಯಾಂಗ ಹೋಗಬೇಕಬೇ? ಬಾಜು ಸರಿ!"

ಕಲ್ಯಾಣ ಮಂಟಪದ ಬಾಗಿಲಲ್ಲಿ ಹೆಸರು ಬರೆದುಕೊಳ್ಳುತ್ತಿದ್ದವನು ಒದರಿದ. ದುರ್ಗವ್ವ ಬಡಿಗೆ ಎಳೆದುಕೊಂಡು ಕುಂಡಿಯ ಮೇಲೆಯೇ ಗೋಡೆಯತ್ತ ಸರಿದಳು. ಕೃತಕ ಕಾಲು ಕೊಡುತ್ತಾರೆಂದು ಕೇಳಿ ಮೊರಬದಿಂದ ಮೊದಲ ಬಸ್ಸಿಗೆ ಒಬ್ಬಳೇ ಬಂದಿದ್ದಳು. ಉಳಿದವರ ಜೊತೆ ಹೆಂಡತಿಯೋ ಮಗನೋ ಇದ್ದರು, ಬುತ್ತಿ ಬಿಚ್ಚಿದ್ದರು. ಇವಳ ಗಂಡ ಸತ್ತು ಆರು ವರ್ಷ. ಮಗಳು ಭಾಗ್ಯಾ ಗಂಡನ ಮನೆಯಲ್ಲಿ. ಬೆಳಿಗ್ಗೆಯಿಂದ ಅವಳೊಡನೆ ಮಾತಾಡಿದವನು ಈ ಒದರಿದವನೊಬ್ಬನೇ.

ಮಧ್ಯಾಹ್ನ ಅವಳ ಪಾಳಿ ಬಂತು. ರೂಬಿನಾ ಡಾಕ್ಟರು ಅವಳನ್ನು ಮಂಚದ ಮೇಲೆ ಕೂರಿಸಿ, ಮೊಣಕಾಲ ಕೆಳಗಿನ ಮೊಂಡನ್ನು ಒತ್ತಿ ನೋಡಿದರು.

"ನೋವ ಆಗ್ತದೇನವ್ವಾ?"

"ಇಲ್ಲರಿ."

"ಮೊಣಕಾಲ ಪೂರಾ ಚಾಚ್ರಿ. ಹಾಂ. ಈಗ ಈ ಸರಳ ಹಿಡದು ಒಂದ ಕಾಲಮ್ಯಾಲ ನಿಂದರ್ರಿ."

ದುರ್ಗವ್ವ ಸರಳು ಬಿಟ್ಟೇ ನಿಂತಳು. ಎರಡು ವರ್ಷದಿಂದ ಉಳ್ಳಾಗಡ್ಡಿ ಸಾಲಿನಲ್ಲಿ ಆ ಮೊಂಡನ್ನೇ ಊರಿ ಕಸ ತೆಗೆದವಳು.

"ಅಗದಿ ಛಲೋ ಅದ. ಕಾಲು ಕೂಡ್ತದ ನಿಮಗ," ಎಂದು ನಕ್ಕ ಡಾಕ್ಟರು ಅವಳು ತಂದಿದ್ದ ಆಸ್ಪತ್ರೆಯ ಹಳೆಯ ಚೀಟಿ ಬಿಡಿಸಿದರು. ನಗು ನಿಂತಿತು.

"ಸಕ್ಕರಿ ರೋಗದಿಂದ ಕಾಲ ಕೊಳೀತು ಅಂತ ಬರದಾರ. ಅಂಥವ್ರಿಗೆ ಈ ಶಿಬಿರದಾಗ ಅಳತಿ ತಗೊಳ್ಳಂಗಿಲ್ಲವ್ವಾ."

"ಚಾದಾಗ ಬಿಟ್ರ ಸಕ್ಕರಿ ನೋಡಿದಾಕಿ ಅಲ್ಲರಿ ನಾ. ಕಡ್ಲಿ ರಾಶಿ ಮಾಡೂ ಮಷಿನ್ ಎಳಕೊಂತ್ರಿ ಕಾಲ."

ಬೆರಳು ಚುಚ್ಚಿ ರಕ್ತ ನೋಡಿದರು. ಸಕ್ಕರೆ ಹೆಚ್ಚಿರಲಿಲ್ಲ.

"ಯಾರ ಬರಿಸಿದ್ರು ಇದನ್ನ?"

ದುರ್ಗವ್ವ ವೇದಿಕೆಯತ್ತ ಬೆರಳು ಮಾಡಿದಳು. ಶಿಬಿರ ಏರ್ಪಡಿಸಿ ಊಟ ಹಾಕಿಸಿದ ಹೇಮಂತಗೌಡ ಅಲ್ಲಿ ಹಾರ ಹಾಕಿಕೊಂಡು ಕುಳಿತಿದ್ದ. ಮಷಿನ್ ಅವನದು, ಹೊಲ ಅವನದು. ಅಂದು ಆಸ್ಪತ್ರೆಯಲ್ಲಿ ಅರೆ ಎಚ್ಚರದಲ್ಲಿ ಬಿದ್ದಿದ್ದವಳ ಹೆಬ್ಬೆಟ್ಟು ಹಿಡಿದು, ಸಕ್ಕರೆ ರೋಗವೆಂದು ಬರೆಸಿದ ಕಾಗದಕ್ಕೆ ಒತ್ತಿದವನೂ ಅವನೇ. ಬೆರಳು ಕಂಡವನೇ ಇಳಿದು ಬಂದ.

"ಏನ ಒದರಾಕತ್ತಿ ರಂಡಿ? ನಾ ದವಾಖಾನಿಗೆ ಒಯ್ಯಲಿಲ್ಲಂದ್ರ ಹೊಲದಾಗ ಹೆಣ ಆಗಿರ್ತಿದ್ದಿ! ನಿಮ್ಮ ಕೇರಿ ಮಂದಿಗೆ ಉಪಕಾರ ಮಾಡಬಾರದು." ಆಮೇಲೆ ಡಾಕ್ಟರತ್ತ ತಿರುಗಿ ಮೆತ್ತಗಾದ. "ಸಕ್ಕರಿ ಇಲ್ಲಂದ್ರ ಬಿಡ್ರಿ ಮೇಡಂ. ಜಾರಿ ಬಿದ್ದಳು ಅಂತ ಬರೀರಿ. ಅಳತಿ ತಗೊಂಡು ಕಳಸ್ರಿ."

ಡಾಕ್ಟರ ಪೆನ್ನು ಕಾಗದದ ಮೇಲೆ ನಿಂತೇ ಇತ್ತು. ದನಿ ತಗ್ಗಿಸಿ ಹೇಳಿದರು: "ಅವ್ವಾ, ಮಷಿನ್ ಅಂತ ಬರದ್ರ ಪೊಲೀಸರ ತನಕ ಹೋಗ್ತದ. ಇವರು ನಿಮ್ಮ ಕಾಗದ ತಡೀತಾರ. ಕಾಲ ಯಾವಾಗ ಬರ್ತದೋ, ಬರ್ತದೋ ಇಲ್ಲೋ. ನೀವ ಹೇಳ್ರಿ."

ಮೇಜಿನ ಮೇಲೆ ಮಾದರಿಗೆಂದು ಒಂದು ಕಾಲು ಇಟ್ಟಿದ್ದರು. ದುರ್ಗವ್ವ ಅದನ್ನು ಬಹಳ ಹೊತ್ತು ನೋಡಿದಳು. ಕೊಡ ಹೊತ್ತು ನಡೆಯಬಹುದಿತ್ತು. ಭಾಗ್ಯಾಳ ಕೂಸನ್ನು ನಿಂತು ಎತ್ತಿಕೊಳ್ಳಬಹುದಿತ್ತು.

"ಮಷಿನ್ ಅಂತ ಬರೀರಿ. ಬೆಲ್ಟಿಗೆ ಮುಚ್ಚಳ ಇದ್ದಿಲ್ಲ. ಹಾಕಸ್ರಿ ಗೌಡ್ರ ಅಂತ ಎರಡ ಸಲ ಹೇಳಿದ್ದೆ. ಅದನೂ ಬರೀರಿ."

ಡಾಕ್ಟರು ಬರೆದರು. ಗೌಡನ ಕಡೆಯವನೊಬ್ಬ ಆ ಹಾಳೆಯನ್ನು ಕಟ್ಟಿನಿಂದ ತೆಗೆದು ಬೇರೆ ಇಟ್ಟ.

ಮಂಚ ಬಿಡು ಎಂದರು. ಬಿಡಲಿಲ್ಲ. ಉಳಿದವರನ್ನು ಕುರ್ಚಿಯ ಮೇಲೆ ಕೂರಿಸಿ ಅಳತೆ ತೆಗೆದರು. ಸಾಲು ಕರಗಿತು, ಊಟದ ಎಲೆಗಳನ್ನು ಬಳಿದರು, ಡಾಕ್ಟರ ಜೀಪು ಹೊರಟಿತು. ದುರ್ಗವ್ವ ಮಾತ್ರ ಸೀರೆಯನ್ನು ಮೊಣಕಾಲ ಮೇಲೆತ್ತಿ, ಮೊಂಡನ್ನು ಮುಂದೆ ಚಾಚಿ ಕುಳಿತೇ ಇದ್ದಳು.

"ಅಳತಿ ತಗೊಳ್ರಿ," ಎಂದಳು, ಖಾಲಿ ಮಂಟಪಕ್ಕೆ.