ಗೊಣಗಣ್ಣ ಒಪ್ಪಿದ ಬ್ರೌಸರ್

ಮುಂದಿನ ಸೋಮವಾರದಿಂದ ಹಳೆಯ ಬ್ರೌಸರ್‌ಗಳಲ್ಲಿ ನಮ್ಮ ತಾಣ ತೆರೆದುಕೊಳ್ಳುವುದಿಲ್ಲ ಎಂಬ ಸೂಚನೆ ಕಂಪನಿಯಿಂದ ಬಂದದ್ದು ಬುಧವಾರ ಬೆಳಿಗ್ಗೆ. ಸೊಸೆ ಅದನ್ನು ಮತ್ತೆ ಮತ್ತೆ ಓದಿಸಿಕೊಂಡಳು. ಓದಿಸಿಕೊಂಡಳು ಎಂದರೆ ಕಂಪ್ಯೂಟರಿನಿಂದ. ಹದಿನಾಲ್ಕನೆಯ ವಯಸ್ಸಿನಲ್ಲಿ ಬಂದ ಜ್ವರವೊಂದು ಹೋಗುವಾಗ ಅವಳ ಎರಡೂ ಕಣ್ಣುಗಳನ್ನು ಜೊತೆಗೇ ಕರೆದುಕೊಂಡು ಹೋಗಿತ್ತು. ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದನ್ನು ನೆಚ್ಚಿಕೊಂಡು ಅವಳು ಮನೆಯಲ್ಲೇ ಕುಳಿತು ಅನುವಾದದ ಕೆಲಸ ಮಾಡುತ್ತಿದ್ದಳು. ಔಷಧಿಯ ಡಬ್ಬಿಯೊಳಗೆ ಮಡಚಿ ಇಟ್ಟಿರುತ್ತಾರಲ್ಲ, ಯಾರೂ ಓದದೆ ಬಿಸಾಡುವ ಚೀಟಿಗಳು, ಅವುಗಳ ಅನುವಾದ. ಕೆಲಸ ಸಿಗುವುದೂ ಕಂಪನಿಯ ತಾಣದಲ್ಲೇ, ಮುಗಿಸಿ ಒಪ್ಪಿಸುವುದೂ ಅಲ್ಲೇ.

ಆ ಓದುವ ಧ್ವನಿಗೆ ಅತ್ತೆ ಇಟ್ಟ ಹೆಸರು ಗೊಣಗಣ್ಣ. ಸೊಸೆ ಅದನ್ನು ಎಷ್ಟು ವೇಗವಾಗಿ ಓಡಿಸುತ್ತಿದ್ದಳೆಂದರೆ, ಬೇರೆಯವರ ಕಿವಿಗೆ ಅದು ಹಲ್ಲುದುರಿದ ಮುದುಕನೊಬ್ಬ ಯಾರನ್ನೋ ಬಯ್ದುಕೊಳ್ಳುತ್ತಿರುವ ಹಾಗೆ ಕೇಳಿಸುತ್ತಿತ್ತು. ಗೊಣಗಣ್ಣನನ್ನು ತಯಾರಿಸಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಅವನು ಬಾಯಿ ಬಿಡುತ್ತಿದ್ದುದು ಹಳೆಯ ಆಪರೇಟಿಂಗ್ ಸಿಸ್ಟಂನಲ್ಲಿ ಮಾತ್ರ. ಹೊಸ ಯಂತ್ರದಲ್ಲಿ ಹೊಸ ಧ್ವನಿಯೊಂದನ್ನು ಅವಳು ಒಮ್ಮೆ ಕೇಳಿ ನೋಡಿದ್ದಳು. ಅದು ಅರ್ಧ ಮಾತ್ರೆಯನ್ನು 'ಒಂದು ಗೆರೆ ಎರಡು' ಎಂದಿತು, ಸೊನ್ನೆ ಬಿಂದು ಐದನ್ನು ಬರೀ ಐದು ಎಂದಿತು. ಚೀಟಿಯ ಮೇಲಿನ ಚುಕ್ಕೆಯನ್ನು ಓದುವವನು ನುಂಗಿದರೆ ರೋಗಿ ಹತ್ತು ಪಟ್ಟು ಔಷಧಿ ನುಂಗುತ್ತಾನೆ. ಅವಳು ಅಲ್ಲಿಗೇ ಕೈಮುಗಿದು ಬಂದಿದ್ದಳು.

ಗಂಡ ಲಾರಿ ಓಡಿಸುವವನು. ವಾರಗಟ್ಟಲೆ ದಾರಿಯ ಮೇಲೇ ಇರುತ್ತಿದ್ದ. ಫೋನಿನಲ್ಲಿ ವಿಷಯ ಕೇಳಿ, "ಹೊಸ ಕಂಪ್ಯೂಟರ್ ತಗೊಂಡುಬಿಡು, ತಲೆನೋವು ಹೋಗುತ್ತೆ" ಎಂದ.

"ಹೊಸದರಲ್ಲಿ ಗೊಣಗಣ್ಣ ಬರಲ್ಲ ಅಂತ ಎಷ್ಟು ಸಲ ಹೇಳಿದ್ದೀನಿ?"

"ಅವನಿಲ್ದಿದ್ರೆ ಅವನಪ್ಪ. ಯಾರೋ ಒಬ್ಬರು ಓದಿದ್ರಾಯ್ತಪ್ಪ."

"ನಿಮ್ಮ ಲಾರಿಗೆ ಗುರುತಿಲ್ಲದ ಬ್ರೇಕ್ ಹಾಕಿ, ಈಗಲೇ ಬೆಟ್ಟ ಇಳೀರಿ ಅಂದ್ರೆ ಇಳೀತೀರಾ?"

ಗಂಡ "ಸಿಗ್ನಲ್ ಹೋಗ್ತಿದೆ" ಎಂದು ಫೋನಿಟ್ಟ.

ಅವಳು ಹುಡುಕಲು ಕುಳಿತಳು. ಎಲ್ಲರ ಬಾಯಲ್ಲೂ ಇರುವ ಬ್ರೌಸರ್ ಇಳಿಸಿಕೊಂಡರೆ, ಇದು ಈ ಯಂತ್ರದಲ್ಲಿ ನಡೆಯುವ ಪ್ರೋಗ್ರಾಂ ಅಲ್ಲ ಎಂದು ಗೊಣಗಣ್ಣ ಓದಿದ. ಅದರದೇ ಹಳೆಯ ಆವೃತ್ತಿ ಹಾಕಿದರೆ, ನಿಮ್ಮ ಸಂಪರ್ಕ ಸುರಕ್ಷಿತವಲ್ಲ ಎಂದು ಓದಿದ. ಇನ್ನೊಂದರ ಪುಟಕ್ಕೆ ಹೋದರೆ ಆ ಪುಟವೇ ತೆರೆಯಲಿಲ್ಲ. ಹೊಸ ಬ್ರೌಸರ್ ಇಳಿಸಿಕೊಳ್ಳುವ ಪುಟ ನೋಡಲು ಮೊದಲು ಹೊಸ ಬ್ರೌಸರ್ ಬೇಕಿತ್ತು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಮಧ್ಯಾಹ್ನದ ಹೊತ್ತಿಗೆ ಅವಳ ಕುತ್ತಿಗೆ ಮರಗಟ್ಟಿತ್ತು.

ಗುರುವಾರ ಒಂದು ಪುಟ ಸಿಕ್ಕಿತು. 'ಹಳೆಯ ಕಂಪ್ಯೂಟರುಗಳಿಗೆ ಸುರಕ್ಷಿತ ಬ್ರೌಸರ್' ಎಂದೇ ಅದರ ಹೆಸರು. ಆದರೆ ಗೊಣಗಣ್ಣ ಅಲ್ಲಿ 'ಇಳಿಸಿಕೊಳ್ಳಿ, ಇಳಿಸಿಕೊಳ್ಳಿ, ಇಳಿಸಿಕೊಳ್ಳಿ' ಎಂದು ಒಂದೇ ರಾಗ ಹಾಡಿದ. ಯಾವುದು ನಿಜವಾದದ್ದು? ಬೇರೆ ದಾರಿ ಕಾಣದೆ ಅವಳು ಅಡುಗೆಮನೆಯ ಕಡೆಗೆ ಕೂಗಿದಳು. "ಅತ್ತೇ, ಸ್ವಲ್ಪ ಬರ್ತೀರಾ?"

ಅವಳು ಸಾಮಾನ್ಯವಾಗಿ ಅತ್ತೆಯನ್ನು ಕರೆಯುತ್ತಿರಲಿಲ್ಲ. ಅತ್ತೆಗೆ ಕಣ್ಣು ಸೂಜಿಯಂತೆ ಚುರುಕು, ಆದರೆ ಓದು ಬರಹ ಇಲ್ಲ. ಸೊಸೆಗೆ ಓದು ಬರಹ ಇದೆ, ಕಣ್ಣಿಲ್ಲ. ಇಬ್ಬರನ್ನೂ ಕೂಡಿಸಿದರೆ ಒಬ್ಬ ಪೂರ್ತಿ ಮನುಷ್ಯಳಾಗಬೇಕಿತ್ತು. ಆದರೆ ಕೂಡಿದಾಗಲೆಲ್ಲ ಜಗಳವಾಗುತ್ತಿತ್ತು. ಸೊಸೆ ಅಳತೆಯಿಟ್ಟು ಜೋಡಿಸಿದ ಅಡುಗೆಮನೆಯ ಡಬ್ಬಿಗಳನ್ನು ಅತ್ತೆ 'ಚಂದ ಕಾಣಲಿ' ಎಂದು ಜಾಗ ಬದಲಿಸುತ್ತಿದ್ದರು. ಅಲ್ಲಿಂದ ಶುರುವಾದದ್ದು ಎಲ್ಲೆಲ್ಲಿಗೋ ಹೋಗುತ್ತಿತ್ತು.

ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ನಿಂತರು.

"ಎಷ್ಟು ಗುಂಡಿ ಇವೆ ನೋಡಿ."

"ಗುಂಡಿ ಅಂದ್ರೆ? ಅಂಗಿಗೆ ಹಾಕ್ತಾರಲ್ಲ ಅದಾ?"

"ಒತ್ತೋ ಜಾಗ ಅತ್ತೆ. ಬಣ್ಣ ಬಳಿದಿರ್ತಾರೆ."

"ಓ, ತುಂಬಾ ಇವೆ. ಒಂದಂತೂ ಹಸಿರು, ಕುಂಬಳಕಾಯಿ ಅಷ್ಟು ದಪ್ಪ. ಮಿನುಗ್ತಾ ಇದೆ, ಪಾಪ, ಕರೀತಾ ಇರೋ ಹಾಗೆ."

"ಮಿಕ್ಕಿದ್ದು?"

"ಮೂಲೇಲಿ ಒಂದು ಸಣ್ಣದು, ಬೂದಿ ಬಣ್ಣದ್ದು. ಅದನ್ನ ಯಾರು ಮೂಸಿ ನೋಡ್ತಾರೆ? ದೊಡ್ಡದನ್ನೇ ಒತ್ತೋಣ."

"ಒತ್ತಿ" ಎಂದಳು ಸೊಸೆ.

ಏನೋ ಇಳಿಯಿತು, ಏನೋ ಕೂತಿತು. ಆಮೇಲೆ ಒಬ್ಬ ಹೆಂಗಸು ಕಂಪ್ಯೂಟರಿನೊಳಗಿಂದ "ಅಭಿನಂದನೆಗಳು! ನೀವು ಅದೃಷ್ಟಶಾಲಿಗಳು!" ಎಂದು ಕಿರುಚಿದಳು. ಗೊಣಗಣ್ಣ ಅವಳ ಮಾತಿನ ಮೇಲೆ ಮಾತಾಡಿದ. ಅವಳು ಅವನ ಮಾತಿನ ಮೇಲೆ ಮಾತಾಡಿದಳು. ಸೊಸೆಗೆ ಕೇಳಿಸುವುದೆಂದರೇ ಕಾಣಿಸುವುದು. ಈಗ ಎರಡು ಧ್ವನಿಗಳು ಸೇರಿ ಅವಳ ಕಣ್ಣಿಗೆ ಮಣ್ಣೆರಚಿದಂತಾಯಿತು.

"ಮುಚ್ಚಿ ಅತ್ತೆ! ಮೂಲೇಲಿ ಗುಣಾಕಾರದ ಗುರುತು ಇರುತ್ತೆ, ಅದನ್ನ ಒತ್ತಿ!"

"ಗುಣಾಕಾರ ನಂಗೇನೇ ಗೊತ್ತು?"

"ಬಿಚ್ಚಿಟ್ಟ ಕತ್ತರಿ ಥರ!"

"ಹಾಂ, ಕತ್ತರಿ ಇದೆ. ಒತ್ತಿದೆ. ಅಯ್ಯೋ, ಒಬ್ಬಳು ಹೋದ್ಲು, ಇಬ್ಬರು ಬಂದ್ರು! ಹಲ್ಲು ಕಿರೀತಿದ್ದಾರೆ ಕಣೇ!"

ಸೊಸೆ ಗೋಡೆ ತಡವಿ ಪ್ಲಗ್ಗನ್ನೇ ಕಿತ್ತಳು. ಮನೆ ಗಕ್ಕನೆ ಸುಮ್ಮನಾಯಿತು.

"ದೊಡ್ಡದನ್ನ ಒತ್ತೋಣ ಅಂದಿದ್ದು ನೀವು" ಎಂದಳು ಹಲ್ಲು ಕಚ್ಚಿ.

"ಒತ್ತಿ ಅಂದಿದ್ದು ನೀನು. ಕುಣಿಯಲಾರದವಳಿಗೆ ನೆಲ ಡೊಂಕು!"

ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಳ್ಳೋಣವೆಂದರೆ ಮನೆಯಲ್ಲಿ ಕೊತ್ತಿಯಿರಲಿಲ್ಲ. ಅವಳು ಕುರ್ಚಿಯನ್ನು ಒದ್ದು ತನ್ನ ಕಾಲನ್ನೇ ನೋಯಿಸಿಕೊಂಡಳು.

ಶುಕ್ರವಾರ ರಿಪೇರಿಯವನು ಮನೆಗೆ ಬಂದು ಕೂತು, ಆ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ಹೊರಹಾಕಿದ. ಒಳ್ಳೆಯವನು. "ಇಲ್ಲೇ ಕಾಣ್ಸುತ್ತಲ್ಲ ಅಕ್ಕಾ" ಎಂದು ಎರಡು ಸಲ ಬಾಯಿತಪ್ಪಿ ಅಂದು, ಎರಡು ಸಲವೂ ನಾಲಿಗೆ ಕಚ್ಚಿಕೊಂಡ.

"ಬೇಜಾರು ಮಾಡ್ಕೋಬೇಡಿ. ಈ ಸಿಸ್ಟಂ ಮಾಡಿದವರೇ ಇದನ್ನ ಕೈಬಿಟ್ಟಿದ್ದಾರೆ. ಎಂಥ ಬ್ರೌಸರ್ ಹಾಕಿದ್ರೂ ಮುಂಬಾಗಿಲಿಗೆ ಬೀಗ ಹಾಕಿದ ಹಾಗೆ ಅಷ್ಟೇ. ಹಿತ್ತಿಲು ತೆರೆದೇ ಇರುತ್ತೆ."

"ಸರಿ. ಮುಂಬಾಗಿಲಿಗಾದ್ರೂ ಒಂದು ಗಟ್ಟಿ ಬೀಗ ಹೇಳಿ."

"ನಂಗೆ ಗೊತ್ತಿಲ್ಲ ಅಕ್ಕಾ. ಗೊತ್ತಿಲ್ದೆ ಏನೋ ಒಂದು ತುರುಕಿ ಹೋದ್ರೆ ನಾಳೆ ನನ್ನನ್ನೇ ಬಯ್ತೀರಿ."

ಗೊತ್ತಿಲ್ಲ ಎಂದು ಆ ವಾರ ಒಪ್ಪಿಕೊಂಡವನು ಅವನೊಬ್ಬನೇ. ಅದಕ್ಕೂ ಅವಳಿಗೆ ಸಿಟ್ಟೇ ಬಂತು.

ಅವನು ಹೋದ ಮೇಲೆ ಅವಳು ಪಿಟೀಲು ಮಾಸ್ತರಿಗೆ ಫೋನ್ ಮಾಡಿದಳು. ಕಣ್ಣಿಲ್ಲದವರ ಶಾಲೆಯಲ್ಲಿ ಅವಳಿಗಿಂತ ಮುಂದಿನ ತರಗತಿಯಲ್ಲಿದ್ದವರು, ಈಗ ಮನೆಯಲ್ಲಿ ಪಿಟೀಲು ಹೇಳಿಕೊಡುತ್ತಾರೆ. ಅವರ ಹತ್ತಿರವೂ ಇದೇ ಗೊಣಗಣ್ಣ ಇದ್ದ.

"ಮೊದಲೇ ಕೇಳಬಾರದಿತ್ತಾ?" ಎಂದರು ಅವರು. "ಒಬ್ಬ ಪುಣ್ಯಾತ್ಮ ಇದ್ದಾನೆ. ಎಲ್ಲಿಯವನೋ ಗೊತ್ತಿಲ್ಲ. ನಮ್ಮಂಥ ಹಳೇ ಯಂತ್ರಗಳಿಗೆ ಅಂತಲೇ ಒಂದು ಬ್ರೌಸರ್ ಇಟ್ಕೊಂಡು ಅದಕ್ಕೆ ತೇಪೆ ಹಾಕ್ತಾ ಇರ್ತಾನೆ. ಅವನ ಪುಟ ಹಳೇ ಬ್ರೌಸರಲ್ಲೂ ತೆರೆಯುತ್ತೆ. ಆದ್ರೆ ಇಳಿಸಿಕೊಂಡ ತಕ್ಷಣ ಹಾಕ್ಕೋಬೇಡ. ಆ ಕಡತಕ್ಕೆ ಅಂಕಿ, ಅಕ್ಷರ ಬೆರೆತ ಒಂದು ಉದ್ದದ ಗುರುತಿನ ಸಂಖ್ಯೆ ಇರುತ್ತೆ. ನನ್ನ ಹತ್ರ ಇರೋದನ್ನ ಓದ್ತೀನಿ, ನಿನ್ನದನ್ನ ತಾಳೆ ನೋಡು. ಒಂದಕ್ಷರ ತಪ್ಪಿದ್ರೂ ದಾರೀಲಿ ಯಾರೋ ಕೈಯಾಡಿಸಿದ್ದಾರೆ ಅಂತ."

ಅವರು ಓದಿದರು, ಅವಳು ತಾಳೆ ನೋಡಿದಳು. ಒಂದಕ್ಷರವೂ ತಪ್ಪಲಿಲ್ಲ. ಯಾರ ಕಣ್ಣೂ ಬೇಕಾಗದೆ ಮುಗಿದ ಆ ಕೆಲಸದಿಂದ ಅವಳಿಗೆ ವಾರದಲ್ಲೇ ಮೊದಲ ಸಲ ಉಸಿರು ಸರಾಗವಾಯಿತು.

ಆ ಪುಣ್ಯಾತ್ಮ ತನ್ನ ಪುಟದ ಕೊನೆಯಲ್ಲಿ ಬರೆದದ್ದನ್ನೂ ಓದಿಸಿಕೊಂಡಳು. 'ಬಿಡುವಿನಲ್ಲಿ ಮಾಡುವ ಕೆಲಸ ಇದು. ಕಂಡ ತೂತುಗಳನ್ನು ಮುಚ್ಚುತ್ತೇನೆ. ಕಾಣದವು ಇದ್ದೇ ಇರುತ್ತವೆ. ಗೊತ್ತಿರುವ ತಾಣಗಳಿಗೆ ಮಾತ್ರ ಹೋಗಿ. ದಯವಿಟ್ಟು ಇದರಲ್ಲಿ ಬ್ಯಾಂಕಿನ ವ್ಯವಹಾರ ಮಾಡಬೇಡಿ.' ಸುರಕ್ಷಿತ, ಸುರಕ್ಷಿತ ಎಂದು ಎದೆ ತಟ್ಟಿಕೊಂಡವರಿಗಿಂತ ಈ ಮಾತಿನ ಮೇಲೆ ಅವಳಿಗೆ ನಂಬಿಕೆ ಬಂತು. ಕಂಪನಿಯ ತಾಣಕ್ಕೆ ಹೋಗಿ ಬರಲು ಮಾತ್ರ ಇದು ಎಂದು ಅವಳು ಅಲ್ಲೇ ತೀರ್ಮಾನಿಸಿಕೊಂಡಳು.

ಬ್ರೌಸರ್ ಹಾಕಿ ಕಂಪನಿಯ ತಾಣದ ಹೆಸರು ಒತ್ತಿದಳು. "ಬಂತು ಕಣೇ, ನಿನ್ನ ಕಂಪನಿಯ ನೀಲಿ ಗುರುತು!" ಎಂದರು ಹಿಂದೆ ನಿಂತಿದ್ದ ಅತ್ತೆ. ಗೊಣಗಣ್ಣ ಮಾತ್ರ, "ಖಾಲಿ" ಎಂದ. ಕೆಳಗಿಳಿದರೆ, "ಖಾಲಿ." ಮತ್ತೂ ಕೆಳಗೆ, "ಖಾಲಿ."

ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ. ಅವಳು ಮೇಜಿನ ಮೇಲೆ ತಲೆಯಿಟ್ಟಳು.

ಮತ್ತೆ ಫೋನ್ ಮಾಡಿದರೆ ಮಾಸ್ತರು ಶಿಷ್ಯನ ಅಪಸ್ವರದ ನಡುವೆ ಹೇಳಿದರು: "ಅಯ್ಯೋ, ಮರೆತೆ! ಸೆಟ್ಟಿಂಗ್ಸ್ ಒಳಗೆ ಎಲ್ಲೋ ಒಂದು ಕಡೆ ಟಿಕ್ ಹಾಕಬೇಕು. ಅಲ್ಲೀವರೆಗೆ ಗೊಣಗಣ್ಣನಿಗೆ ಒಳಗೆ ಪ್ರವೇಶ ಇಲ್ಲ. ನಂಗೆ ಹಾಕಿಕೊಟ್ಟಿದ್ದು ನಮ್ಮತ್ತಿಗೆ. ಸಾಲಿನ ಮೊದಲ ಇಂಗ್ಲಿಷ್ ಪದ 'ಆ್ಯಕ್ಸೆಸ್' ಅಂತ ಅಷ್ಟೇ ನೆನಪು."

ಶನಿವಾರ ಪೂರ್ತಿ ಆ ಒಂದು ಪದಕ್ಕೆ ಹೋಯಿತು. ಸೊಸೆ ಹದಿನಾಲ್ಕರವರೆಗೆ ಅಕ್ಷರಗಳನ್ನು ಕಣ್ಣಾರೆ ಕಂಡವಳು. ಸೆಟ್ಟಿಂಗ್ಸ್ ಪುಟ ತೆರೆದಿಟ್ಟು, ಅತ್ತೆಯ ಅಂಗೈ ಹಿಡಿದು ಉಗುರಿನಿಂದ ಗೀಚಿದಳು. "ಮೊದಲು ಏಣಿ, ಎರಡು ಕಾಲು ಅಗಲಿಸಿ ನಿಂತದ್ದು. ಆಮೇಲೆ ಎರಡು ಒಡೆದ ಬಳೆ. ಆಮೇಲೆ ಹೊಟ್ಟೆಗೆ ಅಡ್ಡಪಟ್ಟಿ ಕಟ್ಟಿದ ಬಳೆ. ಕೊನೆಗೆ ಎರಡು ಹಾವು."

ಅತ್ತೆ ಪರದೆಗೆ ಮೂಗು ತಾಗಿಸಿ ಹುಡುಕಿದರು. "ಎಲ್ಲಾ ಇರುವೆ ಸಾಲಿದ್ದ ಹಾಗಿದೆ ಕಣೇ. ಇದೋ ಏಣಿ. ಅಲ್ಲ, ಹಾವಿಲ್ಲ."

"ಮೇಲಿಂದ ನಿಧಾನವಾಗಿ ನೋಡಿ."

"ನೋಡ್ತಾ ಇದ್ದೀನಲ್ಲ!"

"ಹಾರಿಸ್ತಾ ಇದ್ದೀರಿ. ಮೌಸ್ ಸದ್ದು ಕೇಳುತ್ತೆ ನಂಗೆ. ಇಷ್ಟು ಸುಲಭದ್ದು, ಎದುರಿಗೇ ಇರುತ್ತೆ, ಕಣ್ಣಿದ್ದೂ..."

ಅವಳು ಮಾತು ನುಂಗಿಕೊಂಡಳು, ಆದರೆ ತಡವಾಗಿತ್ತು. ಅತ್ತೆ ಎದ್ದು ನಿಂತರು.

"ಕಣ್ಣಿದ್ದೂ ಕುರುಡಿ ಅಂತ ತಾನೇ? ಹೇಳು. ನನ್ನ ತಮ್ಮನನ್ನ ಶಾಲೆಗೆ ಕಳಿಸಿ ನನ್ನನ್ನ ದನ ಕಾಯೋಕೆ ಕಳಿಸಿದ್ದು ನಮ್ಮಪ್ಪ. ಅವನನ್ನ ಕೇಳು ಹೋಗು, ಗೋರಿಯಿಂದ ಎದ್ದು ಬಂದು ಹೇಳ್ತಾನೆ."

ಆ ದಿನ ಇಬ್ಬರೂ ಬೇರೆಬೇರೆಯಾಗಿ ಉಂಡರು.

ಭಾನುವಾರ ಬೆಳಿಗ್ಗೆ ಸೊಸೆಗೆ ಎಚ್ಚರವಾದದ್ದು ಮೌಸಿನ ಟಿಕ್ ಟಿಕ್ ಸದ್ದಿಗೆ. ಬರಿಗಾಲಲ್ಲೇ ಓಡಿಬಂದಳು.

"ಅತ್ತೆ, ಏನು ಮಾಡ್ತಿದ್ದೀರಿ?"

"ಸುಮ್ನಿರು. ಲೆಕ್ಕ ತಪ್ಪಿಸಬೇಡ. ಅಕ್ಷರ ಸಣ್ಣದಿತ್ತು, ಏನೋ ಒತ್ತಿದೆ, ದೊಡ್ಡದಾಯ್ತು. ಈಗ ಒಂದೊಂದೂ ಚಪ್ಪಲಿ ಅಷ್ಟಿದೆ. ಏಣಿ ಸಿಕ್ತು. ಒಡೆದ ಬಳೆ ಸಿಕ್ತು..." ಮತ್ತೆರಡು ಸಲ ಟಿಕ್ ಟಿಕ್. "ಹಾವು! ಎರಡೂ ಇವೆ! ಪಕ್ಕದಲ್ಲಿ ಒಂದು ಖಾಲಿ ಚೌಕ."

"ಅದರ ಮೇಲೆ ಒತ್ತಿ. ಅತ್ತೆ, ಅದನ್ನೇ. ಬೇರೆ ಏನನ್ನೂ ಮುಟ್ಟಬೇಡಿ."

ಬ್ರೌಸರ್ ಮುಚ್ಚಿ ತೆರೆದಾಗ ಗೊಣಗಣ್ಣ ಕಟ್ಟೆಯೊಡೆದ ಹಾಗೆ ಸುರಿಯತೊಡಗಿದ. ಕಂಪನಿಯ ಹೆಸರು, ಬಾಕಿ ಕೆಲಸ, ಕೆಳಗಿನ ಕಾನೂನಿನ ಮಾತು, ಒಂದೂ ಬಿಡದೆ. ಸೊಸೆ ಕುರ್ಚಿಯ ತೋಳು ಹಿಡಿದು ಕೊನೆಯವರೆಗೂ ಕೇಳಿದಳು.

"ನಿನ್ನೆ ಹಾಗೆ ಹೇಳಬಾರದಿತ್ತು" ಎಂದಳು.

"ಹೇಳಿಲ್ವಲ್ಲ ನೀನು. ಬಾಯಲ್ಲೇ ಇಟ್ಕೊಂಡೆ" ಎಂದರು ಅತ್ತೆ. "ಏಳು, ಮುಖ ತೊಳ್ಕೋ."

ಸೋಮವಾರ ಬೆಳಿಗ್ಗೆ ಮಕ್ಕಳ ಮೂರ್ಛೆರೋಗದ ಔಷಧಿಯ ಚೀಟಿಯೊಂದನ್ನು ಅವಳು ಹೊಸ ಬ್ರೌಸರಿನಲ್ಲಿ ಒಪ್ಪಿಸಿದಳು. 'ಸ್ವೀಕರಿಸಲಾಗಿದೆ' ಎಂದ ಗೊಣಗಣ್ಣ. ಅಷ್ಟರಲ್ಲೇ ಕಂಪನಿಯ ಮೇಲ್ವಿಚಾರಕಿಯ ಫೋನ್ ಬಂತು.

"ಒಂದು ಒಳ್ಳೆ ಸುದ್ದಿ ಮೇಡಂ. ತುಂಬಾ ಜನ ಗಲಾಟೆ ಮಾಡಿದ್ರಿಂದ ಬದಲಾವಣೆ ಮುಂದಕ್ಕೆ ಹಾಕಿದ್ದೀವಿ. ಹಳೇ ಬ್ರೌಸರ್‌ಗಳು ಇನ್ನೂ ಮೂರು ತಿಂಗಳು ನಡೆಯುತ್ತವೆ. ನೀವೇನೂ ಮಾಡಬೇಕಾಗಿಲ್ಲ."

ಫೋನಿಗೆ ಕಿವಿಗೊಟ್ಟಿದ್ದ ಅತ್ತೆ "ಇವರ ಮನೆ ಹಾಳಾಗ" ಎಂದು, ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕಿದರು.

"ಮೇಡಂ?" ಎಂದಿತು ಫೋನು.

"ಕೇಳಿಸ್ಕೊಳ್ಳಿ" ಎಂದಳು ಸೊಸೆ. ಇಷ್ಟು ವರ್ಷಗಳಲ್ಲಿ ಅವಳು ಅಲ್ಲಿಯವರೊಡನೆ ದನಿ ಎತ್ತಿದ್ದು ಅದೇ ಮೊದಲು. "ಗಲಾಟೆ ಮಾಡಿದವರಿಗೆ ಬಗ್ಗಿದ್ರಿ, ಸಂತೋಷ. ನಾನು ಗಲಾಟೆ ಮಾಡದೆ ದಾರಿ ಹುಡುಕಿದೆ, ಅದಕ್ಕೆ ನಂಗೆ ಐದು ದಿನ ಹೋಯ್ತು. ಇನ್ನೊಂದು ಸಲ ಬಾಗಿಲು ಮುಚ್ಚೋ ಮುಂಚೆ, ಆ ಬಾಗಿಲಲ್ಲಿ ಯಾರ್ಯಾರು ಓಡಾಡ್ತಾರೆ ಅಂತ ಕೇಳಿ. ಹೊಸ ಪುಟ ಮೊದಲು ನಂಗೆ ಕಳಿಸಿ. ನಮ್ಮಂಥವರಿಗೆ ತೆರೆಯುತ್ತಾ ಇಲ್ವಾ ನಾನು ಹೇಳ್ತೀನಿ."

"ಖಂಡಿತ ಕಳಿಸ್ತೀವಿ" ಎಂದರು ಮೇಲ್ವಿಚಾರಕಿ, ಕೊಂಚ ಗಾಬರಿಯಿಂದಲೇ.

ಅವಳು ನಂಬಿರಲಿಲ್ಲ. ಆದರೆ ಎರಡು ವಾರ ಕಳೆಯುವಷ್ಟರಲ್ಲಿ, ಪರೀಕ್ಷಿಸಿ ನೋಡಿ ಎಂದು ಹೊಸ ಪುಟದ ಕೊಂಡಿ ನಿಜವಾಗಿಯೂ ಬಂತು. ಸೊಸೆ ನೆಟ್ಟಗೆ ಕುಳಿತು, ಕೂದಲು ಹಿಂದಕ್ಕೆ ಸರಿಸಿಕೊಂಡು ಒತ್ತಿದಳು. ಪುಟ ತೆರೆಯಲಿಲ್ಲ. ಅವಳು ಫೋನ್ ಕೈಗೆತ್ತಿಕೊಂಡು ಕಂಪನಿಯ ನಂಬರ್ ಒತ್ತತೊಡಗಿದಳು.