ಉತ್ತರ ಗೋಡೆಯ ಜಾಲರಿ

ಹೋಮ್‌ಶಾ ಊರಿನ ಹೊಸ ಚರ್ಚಿನಲ್ಲಿ ನೆಟ್ಟಗಿರುವುದು ಏನೂ ಇರಲಿಲ್ಲ. ಗೋಪುರ ಕಟ್ಟಡದಿಂದ ಹತ್ತು ಹೆಜ್ಜೆ ದೂರ ಮುನಿಸಿಕೊಂಡಂತೆ ನಿಂತಿತ್ತು. ಕೆಂಪು, ಹಳದಿ ಇಟ್ಟಿಗೆಯ ಪಟ್ಟೆಗಳು ಗಿರಣಿಯ ಹೆಂಗಸರಿಗೆ ನಗೆಪಾಟಲಾಗಿದ್ದವು. ಅದೆಲ್ಲವನ್ನೂ ಬಡಗಿ ಈನಕ್ ಸಹಿಸಿಕೊಂಡಿದ್ದ. ಅವನ ನಿದ್ದೆಗೆಡಿಸಿದ್ದು ಉತ್ತರದ ಗೋಡೆ. ಅದರ ದಪ್ಪದೊಳಗೆ ಒಬ್ಬ ಮನುಷ್ಯ ಕೂರುವಷ್ಟು ಕಿರುಕೋಣೆ, ಅದಕ್ಕೆ ಬೀಗವಿದ್ದ ಪುಟ್ಟ ಬಾಗಿಲು, ಚರ್ಚಿನ ಕಡೆಗೆ ಮೊಣಕಾಲೆತ್ತರದಲ್ಲಿ ಒಂದು ಕಬ್ಬಿಣದ ಜಾಲರಿ.

"ಬಿಸಿಗಾಳಿಗೆ," ಎಂದಿದ್ದರು ಪಾದ್ರಿ ಹಾರ್ಕರ್. ಬಾಯ್ಲರ್ ಮಾತ್ರ ಇನ್ನೂ ಬಂದಿರಲಿಲ್ಲ. ಬಿಸಿಗಾಳಿಗೆ ಬೀಗವೇಕೆ?

ಮುದುಕಿ ಜಿಲ್ಲಾ ದಿನವೂ ಆ ಜಾಲರಿಯ ಮುಂದೆ ಮಂಡಿಯೂರಿ ಪಿಸುಗುಟ್ಟುವುದನ್ನು ಊರೇ ನೋಡಿತ್ತು.

"ಗುಟ್ಟಾಗಿ ಪಾಪ ಹೇಳ್ಕೊಳ್ಳೋದು, ಒಳಗೆ ಕೂತು ಪಾದ್ರಿ ಕೇಳಿಸ್ಕೊಳ್ಳೋದು! ರೋಮಿನ ಕ್ಯಾಥೊಲಿಕ್ಕರ ಆಟ ಕಣಯ್ಯ, ನಮ್ಮ ಚರ್ಚಲ್ಲಿ ನಡೆಯಕೂಡದು," ಎಂದ ಕಟುಕ ಏಮಸ್. ಚರ್ಚಿನ ಇಬ್ಬರು ಮೇಲ್ವಿಚಾರಕರಲ್ಲಿ ಅವನೊಬ್ಬ, ಈನಕ್ ಇನ್ನೊಬ್ಬ. "ಸಂಜೆ ಸಭೇಲಿ ದೂರಿನ ಕಾಗದಕ್ಕೆ ಇಬ್ರೂ ರುಜು ಹಾಕೋಣ. ಬಿಷಪ್ಪರು ಈ ಪಾದ್ರೀನ ಓಡಿಸ್ತಾರೆ."

ಕಣ್ಣಾರೆ ಕಾಣದೆ ಒಬ್ಬರ ಅನ್ನಕ್ಕೆ ಕಲ್ಲು ಹಾಕಲು ಈನಕ್‌ಗೆ ಮನಸ್ಸಾಗಲಿಲ್ಲ. ಆ ಬಾಗಿಲು ಕೂರಿಸಿದವನು ಅವನೇ. ಒಂದು ಬೀಗದಕೈ ಇನ್ನೂ ಅವನ ಬಳಿಯಿತ್ತು. ಮಧ್ಯಾಹ್ನ ಒಳಹೊಕ್ಕು, ಕಲ್ಲು ಹಾಸದ ಬರಿನೆಲದ ಮೇಲೆ ಉಸಿರು ಬಿಗಿಹಿಡಿದು ಕುಳಿತ. ಪಾದ್ರಿ ಬರಲಿಲ್ಲ. ಜಿಲ್ಲಾ ಬಂದಳು.

"ಬಂದೆ ಕಂದಾ," ಎಂದಳು, ಜಾಲರಿಗೆ ಬಾಯಿ ಹಚ್ಚಿ. "ಗಂಟು ನೋವು, ತಡ ಆಯ್ತು. ಮೂವತ್ತೊಂದು ವರ್ಷ ಆಯ್ತಲ್ಲೋ. ದೀಕ್ಷಾಸ್ನಾನ ಆಗ್ದಿರೋ ಕೂಸು, ಅಪ್ಪ ಯಾರೋ ಅಂತಾರೆ, ಚರ್ಚಿನ ಮಣ್ಣಲ್ಲಿ ಜಾಗ ಕೊಡಲ್ಲ ಅಂತ ಬೇಲಿ ಆಚೆ ನಾನೇ ಮಣ್ಣು ಮಾಡ್ದೆ, ಯಾರ್ಗೂ ಹೇಳ್ದೆ. ಈಗ ನೋಡು, ಹಳೇದಕ್ಕಿಂತ ಈ ಹೊಸ ಚರ್ಚು ಅಗಲವಾಗಿ ನಿನ್ನ ಹತ್ರ ಬಂದ್ಬಿಡ್ತು. ಒಳಗೇ ಇದೀಯ ಬಿಡು. ಬೆಚ್ಚಗಿರು."

ಈನಕ್ ಚಾಚಿದ್ದ ಕಾಲುಗಳನ್ನು ಮೆಲ್ಲನೆ ಎಳೆದುಕೊಂಡ. ತಾನು ಆ ಕೂಸಿನ ಮಣ್ಣಿನ ಮೇಲೇ ಕುಳಿತಿರಬಹುದೆಂದು ಹೊಳೆಯಿತು. ಅವಳು ಹೋದ ಮೇಲೆ ಹೊರಬಂದು ಬಾಗಿಲಿಗೆ ಬೀಗ ಹಾಕಿದ.

ಸಂಜೆ ಸಭೆಯಲ್ಲಿ ಏಮಸ್ ಕಾಗದವನ್ನು ಮುಂದೆ ತಳ್ಳಿದ. ಪಾದ್ರಿ ಬಿಳುಚಿಕೊಂಡು ಕಿಟಕಿಯ ಬಳಿ ನಿಂತಿದ್ದರು. ಹಿಂದಿನ ಬೆಂಚಿನಲ್ಲಿ ಜಿಲ್ಲಾ ಶಾಲು ಹೊದ್ದು ಕುಳಿತಿದ್ದಳು.

"ಮಧ್ಯಾಹ್ನ ಆ ಗೋಡೆಯೊಳಗೆ ನಾನೊಬ್ನೇ ಇದ್ದೆ," ಎಂದ ಈನಕ್. "ಪಾದ್ರಿಗಳು ಇರ್ಲಿಲ್ಲ. ನಾನು ರುಜು ಹಾಕಲ್ಲ."

ಜಿಲ್ಲಾಳ ಕೈ ಶಾಲಿನ ಅಂಚನ್ನು ಬಿಗಿಹಿಡಿಯಿತು.

"ಹಾಗಾದ್ರೆ ಮುದುಕಿ ಯಾರ ಹತ್ರ ಮಾತಾಡಿದ್ಲು? ಗೋಡೆ ಹತ್ರಾನಾ?" ಎಂದ ಏಮಸ್.

ಜಿಲ್ಲಾಳ ಗುಟ್ಟು ಬಿಚ್ಚಿದ್ದರೆ ಪಾದ್ರಿ ಪೂರ್ತಿ ಪಾರಾಗುತ್ತಿದ್ದರು. ಸುಳ್ಳು ಹೇಳಿ ಈನಕ್‌ಗೆ ರೂಢಿಯಿರಲಿಲ್ಲ.

"ಪ್ರಾರ್ಥನೆ ಮಾಡ್ತಿದ್ಲು. ಏನಂತ ನಾನು ಹೇಳಲ್ಲ."

"ಓಹೋ!" ಏಮಸ್ ಮೇಜು ಗುದ್ದಿದ. "ಕೇಳಿಸ್ಕೊಂಡು ಗುಟ್ಟು ಕಾಯೋಕೂ ಶುರು ಮಾಡ್ದ್ಯಾ? ನಿನಗೂ ಒಂದು ಪಾದ್ರಿ ನಿಲುವಂಗಿ ಹೊಲಿಸ್ಬೇಕು ಬಿಡು!"

ಯಾರೋ ಕಿಸಕ್ಕೆಂದರು. ಒಂದೇ ರುಜುವಿನ ಕಾಗದ ಬಿಷಪ್ಪರವರೆಗೆ ಹೋಗುವಂತಿರಲಿಲ್ಲ. ಏಮಸ್ ಅದನ್ನು ಮಡಚಿ ಜೇಬಿಗಿಳಿಸಿದ. ಈನಕ್ ಬೆಂಚಿಗೆ ಮರಳಿದಾಗ ಅಲ್ಲಿದ್ದ ಇಬ್ಬರು ಎದ್ದು ಆಚೆ ಸಾಲಿಗೆ ಹೋಗಿ ಕುಳಿತರು.